ಶಾಲೆಯ ಕ್ಯಾಲೆಂಡರ್, ಹೊಳೆಯ ಕ್ಯಾಲೆಂಡರ್

ಹದಿಹರೆಯದಲ್ಲಿ ವೈಟ್‌ವಾಟರ್ ಕಯಾಕಿಂಗ್: ಎಲ್ಲಿ ಕಲಿಯಬೇಕು, ಯಾವಾಗ ಹೋಗಬೇಕು, ಓದು ಕೆಡದಂತೆ ನೋಡಿಕೊಳ್ಳುವುದು ಹೇಗೆ

ಏಪ್ರಿಲ್‌ನಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬೀಳುವಾಗ ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಬಂಡೆಗಳೇ. ಜೂನ್‌ನಲ್ಲಿ ಹೊಸ ಪುಸ್ತಕಗಳಿಗೆ ರಟ್ಟು ಹಾಕಿ ಮಕ್ಕಳು ತರಗತಿಗೆ ಮರಳಿದ ಮೇಲೆ ಮುಂಗಾರು ಹಿಡಿಯುತ್ತದೆ, ಹೊಳೆ ತುಂಬುತ್ತದೆ. ರಜೆ ಇದ್ದಾಗ ನೀರಿಲ್ಲ, ನೀರು ಬಂದಾಗ ರಜೆಯಿಲ್ಲ. ರಭಸದ ನೀರಿನಲ್ಲಿ ಕಯಾಕ್ ನಡೆಸಬೇಕೆಂಬ ಹಂಬಲವಿರುವ ಶಾಲಾ ಮಕ್ಕಳಿಗೆ ಎದುರಾಗುವ ಮೊದಲ ತೊಡಕು ಇದು. ಈಜು, ಧೈರ್ಯ, ದುಡ್ಡು ಎಲ್ಲವೂ ಇದ್ದು ತಿಂಗಳುಗಳ ಲೆಕ್ಕ ತಪ್ಪಿದರೆ ಓದೂ ಕೆಡುತ್ತದೆ, ಆಟವೂ ಹತ್ತುವುದಿಲ್ಲ. ಲೆಕ್ಕ ಸರಿಯಾಗಿ ಹಾಕಿಕೊಂಡರೆ ವರ್ಷವಿಡೀ ಕಲಿಯಲು ದಾರಿ ಇದೆ.

ಇದು ಯಾವ ಆಟ?

ಹಿನ್ನೀರಿನ ದಂಡೆಯ ರೆಸಾರ್ಟುಗಳಲ್ಲಿ ಬಾಡಿಗೆಗೆ ಸಿಗುವ, ಮೇಲೆ ಕೂತು ಹುಟ್ಟು ಹಾಕುವ ದೋಣಿಯನ್ನೂ ಕಯಾಕ್ ಎನ್ನುತ್ತಾರೆ. ವೈಟ್‌ವಾಟರ್ ಕಯಾಕ್ ಅದಕ್ಕಿಂತ ಬೇರೆ. ಎರಡರಿಂದ ಎರಡೂಮುಕ್ಕಾಲು ಮೀಟರ್ ಉದ್ದದ, ಸುಮಾರು 20 ಕಿಲೋ ತೂಗುವ ಗಟ್ಟಿ ಪ್ಲಾಸ್ಟಿಕ್ ದೋಣಿ ಅದು. ಕಾಲುಗಳನ್ನು ಒಳಗೆ ಚಾಚಿ, ತೊಡೆಗಳನ್ನು ಒಳಗಿನ ಆಸರೆಗೆ ಒತ್ತಿ ಕೂರಬೇಕು. ಸೊಂಟಕ್ಕೆ ತೊಟ್ಟ ಸ್ಪ್ರೇ ಸ್ಕರ್ಟನ್ನು ದೋಣಿಯ ಬಾಯಿಯಂಚಿಗೆ ಎಳೆದು ಸಿಕ್ಕಿಸಿದರೆ ನೀರು ಒಳಗೆ ನುಗ್ಗದು. ದೋಣಿ ಮಗುಚಿದರೆ ಕೂತವರೂ ಅದರೊಂದಿಗೆ ತಲೆಕೆಳಗಾಗುತ್ತಾರೆ.

ನೀರಿನ ಕಷ್ಟವನ್ನು ಒಂದರಿಂದ ಆರರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಒಂದನೇ ದರ್ಜೆಯಲ್ಲಿ ಸಣ್ಣ ಅಲೆಗಳು ಮಾತ್ರ. ಎರಡರಲ್ಲಿ ದಾರಿ ಸ್ಪಷ್ಟವಾಗಿರುತ್ತದೆ. ಮೂರರಲ್ಲಿ ಅಲೆ ದೊಡ್ಡದು, ತಿರುವುಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ನಾಲ್ಕು ಮತ್ತು ಐದು ವರ್ಷಗಟ್ಟಲೆ ಪಳಗಿದವರಿಗೆ. ಆರು ಎಂದರೆ ಪ್ರಾಣದ ಮೇಲಿನ ಆಸೆ ಬಿಟ್ಟಂತೆ. ಈ ದರ್ಜೆ ಶಾಶ್ವತವಲ್ಲ ಎಂಬುದನ್ನು ನೆನಪಿಡಬೇಕು. ಬೆಳಿಗ್ಗೆ ಎರಡನೇ ದರ್ಜೆಯಾಗಿದ್ದ ರ್‍ಯಾಪಿಡ್ (ನೀರು ರಭಸದಿಂದ ನುಗ್ಗುವ ಜಾಗ) ಮೇಲೆಲ್ಲೋ ಸುರಿದ ಮಳೆಗೆ ಮಧ್ಯಾಹ್ನ ನಾಲ್ಕಕ್ಕೆ ಏರಬಹುದು.

ಹೊಳೆಗಿಂತ ಮುಂಚೆ ಈಜುಕೊಳ

ಕಲಿಕೆಯ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಈಜು. ಉಡುಪು, ಶೂ, ಲೈಫ್ ಜಾಕೆಟ್ ತೊಟ್ಟು ಗಾಬರಿಯಿಲ್ಲದೆ ಈಜಲು ಬರಬೇಕು, ನೀರೊಳಗೆ ಕಣ್ಣು ಬಿಟ್ಟು ಉಸಿರು ಹಿಡಿಯಲು ಬರಬೇಕು. ಎರಡನೆಯದು ವೆಟ್ ಎಕ್ಸಿಟ್: ಮಗುಚಿದ ದೋಣಿಯಲ್ಲಿ ತಲೆಕೆಳಗಾಗಿರುವಾಗಲೇ ಸ್ಪ್ರೇ ಸ್ಕರ್ಟಿನ ಮುಂದಿನ ಕುಣಿಕೆಯನ್ನು ಹುಡುಕಿ ಎಳೆದು, ಮುಂದಕ್ಕೆ ಬಾಗಿ ಹೊರಬರುವುದು. ಇದನ್ನು ಕಲಿಯದವರನ್ನು ಒಳ್ಳೆಯ ತರಬೇತುದಾರರು ಹರಿಯುವ ನೀರಿಗೆ ಇಳಿಸುವುದಿಲ್ಲ. ಕುಣಿಕೆ ಸ್ಕರ್ಟಿನೊಳಗೆ ಮಡಚಿಕೊಂಡಿಲ್ಲ, ಹೊರಗೇ ಇದೆ ಎಂಬುದನ್ನು ಪ್ರತಿ ಸಲವೂ ಮುಟ್ಟಿ ನೋಡಿಕೊಳ್ಳಬೇಕು.

ಮೂರನೆಯದು ರೋಲ್. ಹುಟ್ಟಿನ ಒಂದು ಬೀಸು, ಸೊಂಟದ ಒಂದು ಕುಲುಕು ಸೇರಿದರೆ ದೋಣಿ ಮೇಲಕ್ಕೆ ತಿರುಗುತ್ತದೆ. ಕಲಿಯುವವರೆಲ್ಲ ಉಸಿರಿಗೆಂದು ಮೊದಲು ತಲೆ ಎತ್ತುತ್ತಾರೆ, ಅಲ್ಲಿಗೆ ದೋಣಿ ಮತ್ತೆ ಮಗುಚುತ್ತದೆ. ಸೊಂಟ ಮೊದಲು, ತಲೆ ಕೊನೆಗೆ. ಕೊಳದಲ್ಲಿ ಬಂದ ರೋಲ್ ಹೊಳೆಯ ತಣ್ಣೀರಿನಲ್ಲಿ, ನೊರೆಯ ನಡುವೆ ಕೈಕೊಡುವುದು ಮಾಮೂಲು. ಅದಕ್ಕೇ ಎರಡೂ ಬದಿಗೆ, ಕಣ್ಣು ಮುಚ್ಚಿ, ದಣಿದಾಗಲೂ ಅಭ್ಯಾಸ ಮಾಡಿಸುತ್ತಾರೆ. ಶಾಲೆ ನಡೆಯುವ ತಿಂಗಳುಗಳಲ್ಲಿ ವಾರಕ್ಕೊಂದು ಸಂಜೆ ಕೊಳದಲ್ಲಿ ರೋಲ್ ಅಭ್ಯಾಸ ಮಾಡಿಕೊಂಡವರಿಗೆ ರಜೆಯ ಅಮೂಲ್ಯ ದಿನಗಳೆಲ್ಲ ಹೊಳೆಗೇ ಸಿಗುತ್ತವೆ.

ನೀರನ್ನು ಓದುವ ಪಾಠ

ಹರಿಯುವ ನೀರಿನ ಮೊದಲ ಪಾಠಶಾಲೆ ಎಡ್ಡಿ. ಬಂಡೆಗೆ ಬಡಿದ ಸೆಳವು ಎರಡೂ ಬದಿಗೆ ಸೀಳಿ ಹೋದಾಗ, ಬಂಡೆಯ ಹಿಂಬದಿಯ ನೀರು ಮೇಲ್ಮುಖವಾಗಿ ತಿರುಗಿ ನಿಧಾನವಾಗುತ್ತದೆ. ರಭಸದ ನಡುವೆ ತಂಗುದಾಣ ಸಿಗುವುದು ಅಲ್ಲೇ. ಸೆಳವಿನಿಂದ ಎಡ್ಡಿಗೆ ಹೊಕ್ಕು ನಿಲ್ಲುವುದು, ಎಡ್ಡಿಯಿಂದ ಮತ್ತೆ ಸೆಳವಿಗೆ ಇಳಿಯುವುದು, ದೋಣಿಯ ಮೂತಿಯನ್ನು ಮೇಲ್ಮುಖವಾಗಿ ಓರೆ ಹಿಡಿದು ಕೆಳಕ್ಕೆ ಜಾರದೆ ಆಚೆ ದಡ ಸೇರುವುದು, ಈ ಮೂರು ಬಂದರೆ ಎರಡನೇ ದರ್ಜೆಯ ಹೊಳೆಯಲ್ಲಿ ಆಡಬಹುದು. ಸೆಳವಿಗೆ ಇಳಿಯುವಾಗ ದೋಣಿಯನ್ನು ಕೆಳಹರಿವಿನ ಕಡೆಗೆ ವಾಲಿಸಬೇಕು. ಭಯಕ್ಕೆ ಮೈ ಮೇಲ್ಬದಿಗೆ ವಾಲಿದರೆ ನೀರು ಅಂಚನ್ನು ಹಿಡಿದು ಕ್ಷಣದಲ್ಲಿ ಮಗುಚಿಬಿಡುತ್ತದೆ.

ಬಾಯಿಪಾಠ ಮಾಡಿಸಬೇಕಾದ ಅಪಾಯಗಳು ನಾಲ್ಕು. ಒಂದು, ನೀರಿಗೆ ಬಿದ್ದ ಮರ, ಬಿದಿರುಮೆಳೆ: ನೀರು ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಎರಡು, ತಳ ಕೊರೆದ ಬಂಡೆ: ಸೆಳವು ಅದರಡಿಗೆ ಎಳೆದೊಯ್ಯುತ್ತದೆ. ಮೂರು, ಕಾಲು ಸಿಕ್ಕಿಬೀಳುವುದು: ಮೊಣಕಾಲು ಮೀರಿದ ಸೆಳವಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲುಗಳ ಸಂದಿಗೆ ಹೊಕ್ಕು, ಹಿಂದಿನ ನೀರು ಮೈಯನ್ನು ಮುಂದಕ್ಕೆ ಕೆಡವುತ್ತದೆ. ದೋಣಿ ತಪ್ಪಿದವರು ಅಂಗಾತ ಮಲಗಿ, ಪಾದಗಳನ್ನು ಕೆಳಹರಿವಿನ ಕಡೆಗೆ ನೀರಿನ ಮೇಲೆಯೇ ಇಟ್ಟುಕೊಂಡು ತೇಲಬೇಕು. ಮರ ಎದುರಾದರೆ ಮಾತ್ರ ಬೋರಲಾಗಿ ಅದರಿಂದ ದೂರಕ್ಕೆ ಬಿರುಸಾಗಿ ಈಜಬೇಕು.

ನಾಲ್ಕನೆಯ ಅಪಾಯ ನಮ್ಮ ಹೊಳೆಗಳಲ್ಲಿ ಹೆಜ್ಜೆಹೆಜ್ಜೆಗೂ ಇದೆ: ಕಿಂಡಿ ಅಣೆಕಟ್ಟು, ಚೆಕ್ ಡ್ಯಾಂ. ಎತ್ತರ ಒಂದೆರಡು ಮೀಟರ್ ಅಷ್ಟೇ, ನೋಡಲು ಸಾಧು. ಆದರೆ ಅಂಚಿನುದ್ದಕ್ಕೂ ಸಮನಾಗಿ ಬೀಳುವ ನೀರು ಕೆಳಗೆ ಹಿಂದಕ್ಕೆ ಸುತ್ತಿಕೊಂಡು, ಸಿಕ್ಕಿದ್ದನ್ನು ಮತ್ತೆ ಮತ್ತೆ ಗೋಡೆಯ ಬುಡಕ್ಕೇ ಎಳೆಯುತ್ತದೆ. ಬದಿಯಿಂದ ತಪ್ಪಿಸಿಕೊಳ್ಳೋಣವೆಂದರೆ ಎರಡೂ ಕಡೆ ಕಾಂಕ್ರೀಟ್ ಗೋಡೆ. ಸಹಜ ರ್‍ಯಾಪಿಡ್ ಎಷ್ಟೇ ಗದ್ದಲ ಮಾಡಲಿ, ಅದಕ್ಕಿಂತ ಈ ಕಟ್ಟೆಗಳೇ ಹೆಚ್ಚು ಭಯಂಕರ. ಕಟ್ಟೆ ಕಂಡಲ್ಲಿ ದಡಕ್ಕೆ ಬಂದು ದೋಣಿಯನ್ನು ಹೆಗಲ ಮೇಲೆ ಹೊತ್ತು ದಾಟಬೇಕು.

ಯಾವ ತಿಂಗಳು, ಯಾವ ಹೊಳೆ

ಪಶ್ಚಿಮಘಟ್ಟದ ಹೊಳೆಗಳು ಮಳೆಯನ್ನೇ ನಂಬಿದವು. ಬರಪೊಳೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಫ್ಟಿಂಗ್ ನಡೆಯುತ್ತದೆ. ನೀರು ಜೋರಿರುವಾಗ ಅಲ್ಲಿ ನಾಲ್ಕನೇ ದರ್ಜೆಯ ರ್‍ಯಾಪಿಡ್‌ಗಳೂ ಇರುವುದರಿಂದ ಹೊಸಬರು ಮೊದಲು ರಾಫ್ಟಿನಲ್ಲಿ ಕೂತು ಹೊಳೆಯನ್ನು ನೋಡಬೇಕು, ಕಯಾಕ್ ಆಮೇಲೆ. ಉಡುಪಿ ಜಿಲ್ಲೆಯ ಹೆಬ್ರಿ ಬಳಿಯ ಸೀತಾನದಿಯದ್ದೂ ಮಳೆಗಾಲದ ಸೀಸನ್. ಮಳೆಗಾಲದ ಪ್ರವಾಸ ಶನಿವಾರ-ಭಾನುವಾರಕ್ಕೆ ಮುಗಿಯುವಂತಿರಲಿ, ಶಾಲೆ ತಪ್ಪಿಸುವುದು ಬೇಡ.

ಉತ್ತರ ಕನ್ನಡದ ಕಾಳಿಯ ಲೆಕ್ಕ ಬೇರೆ. ಗಣೇಶಗುಡಿಯ ಸೂಪಾ ಅಣೆಕಟ್ಟೆಯಿಂದ ವಿದ್ಯುತ್ ಉತ್ಪಾದನೆಗೆ ಬಿಡುವ ನೀರು ಕೆಳಗಿನ ಹರಿವನ್ನು ನಿರ್ಧರಿಸುತ್ತದೆ. ಹಾಗಾಗಿ ಬೇಸಿಗೆಯಲ್ಲೂ ಎರಡು-ಮೂರನೇ ದರ್ಜೆಯ ನೀರು ಸಿಗುವ ಅಪರೂಪದ ಹೊಳೆ ಇದು. ನೀರು ಬಿಡುವ ಹೊತ್ತನ್ನು ಸ್ಥಳೀಯರಲ್ಲಿ ವಿಚಾರಿಸದೆ ಇಳಿಯಬಾರದು. ಜಲಕ್ರೀಡೆಗೆ ಆಗ ಜಿಲ್ಲಾಡಳಿತದ ಅನುಮತಿ ಇದೆಯೇ ಎಂದೂ ನೋಡಿಕೊಳ್ಳಬೇಕು.

ಗಂಗೆಯ ಕ್ಯಾಲೆಂಡರ್ ನಮ್ಮ ಶಾಲೆಗಳಿಗೆ ಹೇಳಿ ಮಾಡಿಸಿದಂತಿದೆ. ಋಷಿಕೇಶದಲ್ಲಿ ಜುಲೈ-ಆಗಸ್ಟ್ ನೆರೆಯ ತಿಂಗಳು, ಆಗ ಎಲ್ಲವೂ ಬಂದ್. ಸೆಪ್ಟೆಂಬರ್ ಕೊನೆಯಿಂದ ಸೀಸನ್ ಶುರು. ದಸರಾ ರಜೆಯ ಹೊತ್ತಿಗೆ ನೀರು ತಿಳಿಯಾಗಿ, ಹದಕ್ಕೆ ಬಂದಿರುತ್ತದೆ. ಪರೀಕ್ಷೆ ಮುಗಿದ ಏಪ್ರಿಲ್ ಇನ್ನೊಂದು ಒಳ್ಳೆಯ ಕಾಲ. ಮೇ ಕಳೆದಂತೆ ಹಿಮ ಕರಗಿ ಮಟ್ಟ ಏರುತ್ತದೆ. ಹೊಸಬರಿಗೆ ಅಲ್ಲಿ ಮೂರರಿಂದ ಐದು ದಿನಗಳ ಕಯಾಕ್ ತರಬೇತಿಗಳಿವೆ. ಶಿವಪುರಿಯಿಂದ ಋಷಿಕೇಶದವರೆಗಿನ ಸುಮಾರು 16 ಕಿ.ಮೀ. ಹಾದಿಯಲ್ಲಿ ರ್‍ಯಾಪಿಡ್‌ಗಳ ನಡುವೆ ಉದ್ದನೆಯ ಶಾಂತ ಮಡುಗಳಿವೆ. ಒಂದರಲ್ಲಿ ತಪ್ಪಿದರೆ ಇನ್ನೊಂದು ಬರುವುದರೊಳಗೆ ಸುಧಾರಿಸಿಕೊಳ್ಳಬಹುದು. ಮೇಲಿನ ಕೌಡಿಯಾಲಾ ಭಾಗ ಪಳಗಿದವರಿಗೆ.

ನೇಪಾಳವೂ ದಸರಾ ರಜೆಗೆ ಹೊಂದುತ್ತದೆ. ಪೋಖರಾ ಕಡೆಯ ಸೇತಿ ನದಿಯಲ್ಲಿ ನೀರು ಬೆಚ್ಚಗಿರುವುದರಿಂದ ಅಲ್ಲಿನ ನಾಲ್ಕು ದಿನಗಳ ಕಯಾಕ್ ಶಿಬಿರಗಳು ಹೊಸಬರಲ್ಲಿ ಜನಪ್ರಿಯ.

ಆಡುವುದಕ್ಕಿಂತ ಮೊದಲು ನೋಡಬೇಕೆನ್ನುವವರಿಗೆ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಕೋಡಂಚೇರಿ ಇದೆ. ಅಲ್ಲಿನ ಚಾಲಿಪ್ಪುಳ ಮತ್ತು ಇರುವಞ್ಞಿಪ್ಪುಳ ಹೊಳೆಗಳಲ್ಲಿ 2013ರಲ್ಲಿ ಶುರುವಾದ ಮಲಬಾರ್ ರಿವರ್ ಫೆಸ್ಟಿವಲ್‌ಗೆ ಹೊರದೇಶಗಳ ಕಯಾಕರ್‌ಗಳೂ ಬರುತ್ತಾರೆ. ಗೆದ್ದವರಿಗೆ ‘ರ್‍ಯಾಪಿಡ್ ರಾಜ’, ‘ರ್‍ಯಾಪಿಡ್ ರಾಣಿ’ ಬಿರುದು. ಮಳೆಗಾಲದ ನಡುವೆ ನಡೆಯುವ ಈ ಕೂಟಕ್ಕೆ ಮೈಸೂರಿನಿಂದ ರಸ್ತೆಯಲ್ಲೇ ಹೋಗಿಬರಬಹುದು.

ಓದು: ಮೂರು ದಾರಿ

ಮೊದಲನೆಯದು, ಇರುವ ಶಾಲೆಯಲ್ಲೇ ಇದ್ದು ರಜೆ ಮತ್ತು ವಾರಾಂತ್ಯಗಳಲ್ಲಿ ಆಡುವುದು. ಬಹುಪಾಲು ಮಕ್ಕಳಿಗೆ ಇದೇ ಸರಿ. ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಿ ಬೇಕು ಎಂಬುದನ್ನು ಮರೆಯದೆ ವರ್ಷದ ಆರಂಭದಲ್ಲೇ ಪ್ರವಾಸದ ದಿನಗಳನ್ನು ಮುಖ್ಯೋಪಾಧ್ಯಾಯರಿಗೆ ಬರೆದು ತಿಳಿಸಬೇಕು. ರಾಷ್ಟ್ರೀಯ, ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಆಯ್ಕೆಯಾದ ವಿದ್ಯಾರ್ಥಿಗಳ ಪರೀಕ್ಷೆ ಅದೇ ದಿನಕ್ಕೆ ಬಿದ್ದರೆ ಬೇರೆ ದಿನ ಬರೆಯುವ ಅವಕಾಶ ಸಿಬಿಎಸ್‌ಇಯಲ್ಲಿದೆ. ಅರ್ಜಿ ಶಾಲೆಯ ಮೂಲಕವೇ, ಮುಂಚಿತವಾಗಿ ಹೋಗಬೇಕು.

ಎರಡನೆಯದು ಮುಕ್ತ ಶಾಲೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಹತ್ತನೇ ತರಗತಿಗೆ 14 ವರ್ಷ, ಹನ್ನೆರಡನೇ ತರಗತಿಗೆ 15 ವರ್ಷ ತುಂಬಿದವರನ್ನು ಸೇರಿಸಿಕೊಳ್ಳುತ್ತದೆ. ವರ್ಷಕ್ಕೆರಡು ಬಾರಿ ಪರೀಕ್ಷೆ. ನೋಂದಣಿ ಐದು ವರ್ಷ ಊರ್ಜಿತ, ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ಗಂಭೀರವಾಗಿ ಸ್ಪರ್ಧೆಗೆ ಇಳಿದವರಿಗೆ ಇದು ಅನುಕೂಲ. ಆದರೆ ಸಹಪಾಠಿಗಳ ಒಡನಾಟ, ಪ್ರಯೋಗಾಲಯ, ದಿನದ ಶಿಸ್ತು ಇವನ್ನೆಲ್ಲ ಮನೆಯವರೇ ಹೊಂದಿಸಬೇಕಾಗುತ್ತದೆ. ಆಟ ಶುರುವಾದ ಮೊದಲ ವರ್ಷದಲ್ಲೇ ಶಾಲೆ ಬಿಡಿಸುವ ಆತುರ ಬೇಡ.

ಮೂರನೆಯದು ಸಂಚಾರಿ ಶಾಲೆ. ಅಮೆರಿಕದ ವರ್ಲ್ಡ್ ಕ್ಲಾಸ್ ಅಕಾಡೆಮಿ ಕಯಾಕಿಂಗ್ ಹುಚ್ಚಿನ ಹೈಸ್ಕೂಲ್ ಮಕ್ಕಳಿಗಾಗಿ ಕಟ್ಟಿದ ಇಂಥ ಶಾಲೆ. ಕೆಲವೇ ವಿದ್ಯಾರ್ಥಿಗಳು, ಜೊತೆಗೆ ಪಾಠವನ್ನೂ ಪ್ಯಾಡಲಿಂಗನ್ನೂ ಕಲಿಸುವ ಶಿಕ್ಷಕರು, ದಿನದ ಒಂದು ಭಾಗ ತರಗತಿ, ಇನ್ನೊಂದು ಭಾಗ ಹೊಳೆ. ಉತ್ತರ ಗೋಳಾರ್ಧದಲ್ಲಿ ಚಳಿಗಾಲವಿರುವಾಗ ಬೇಸಿಗೆಯಿರುವ ಚಿಲಿಯಂಥ ದೇಶಕ್ಕೆ ಶಾಲೆಯೇ ಹೊರಡುತ್ತದೆ. ಆದರೆ ಹೀಗೆ ನೀರು ಹುಡುಕಿಕೊಂಡು ಹೊರಡುವವರಿಗೆ ಹೊಳೆ ಇದ್ದಂತೆಯೇ ಇರುತ್ತದೆ ಎಂಬ ಭರವಸೆಯಿಲ್ಲ. ಆಫ್ರಿಕಾದಲ್ಲಿ ಕಯಾಕರ್‌ಗಳ ಮೆಚ್ಚಿನ ತಾಣಗಳಲ್ಲೊಂದು ಉಗಾಂಡಾದ ಶ್ವೇತ ನೈಲ್. ವಿದ್ಯುತ್ತಿಗಾಗಿ 2012ರಲ್ಲಿ ಬುಜಗಾಲಿ ಅಣೆಕಟ್ಟೆ, 2019ರಲ್ಲಿ ಇಸಿಂಬಾ ಅಣೆಕಟ್ಟೆ ಬಂದ ಮೇಲೆ ಅಲ್ಲಿನ ಹೆಸರಾಂತ ರ್‍ಯಾಪಿಡ್‌ಗಳಲ್ಲಿ ಹಲವು ಹಿನ್ನೀರಿನಡಿ ಸೇರಿಹೋದವು. ಶರಾವತಿ, ಕಾಳಿ ನದಿಗಳ ಕಥೆ ಗೊತ್ತಿರುವ ನಮ್ಮ ಮಕ್ಕಳಿಗೆ ವಿದ್ಯುತ್ತಿನ ಆ ಲೆಕ್ಕ ಹೊಸದೇನಲ್ಲ. ಸಂಚಾರಿ ಶಾಲೆಯ ಶುಲ್ಕ ಸಾಮಾನ್ಯ ಕುಟುಂಬದ ಕೈಗೆಟುಕದು. ಅದರ ವೇಳಾಪಟ್ಟಿಯನ್ನು ಮಾತ್ರ ಯಾರು ಬೇಕಾದರೂ ಎರವಲು ಪಡೆಯಬಹುದು: ಪ್ರವಾಸದಲ್ಲೂ ದಿನಕ್ಕೆ ಇಂತಿಷ್ಟು ಹೊತ್ತು ಓದೆಂದು ಗೊತ್ತುಮಾಡಿ, ಹೊಳೆಗೆ ಇಳಿಯುವ ಮುಂಚೆಯೇ ಅದನ್ನು ಮುಗಿಸುವುದು. ಹೊಳೆಯಿಂದ ಬಂದ ಮೇಲೆ ಪುಸ್ತಕ ತೆರೆದರೆ ಎರಡನೇ ಪುಟಕ್ಕೆ ನಿದ್ದೆ ಖಚಿತ.

ಓದು-ಆಟ ಎರಡನ್ನೂ ತೂಗಿಸಿದವರಲ್ಲಿ ಆಸ್ಟ್ರೇಲಿಯಾದ ಜೆಸಿಕಾ ಫಾಕ್ಸ್ ದೊಡ್ಡ ಹೆಸರು. ಹುಟ್ಟಿದ್ದು 1994ರಲ್ಲಿ, ಫ್ರಾನ್ಸಿನ ಮಾರ್ಸೆಯಲ್ಲಿ. ಅಪ್ಪ ರಿಚರ್ಡ್, ಅಮ್ಮ ಮಿರಿಯಂ ಇಬ್ಬರೂ ಸೆಳವಿನ ಮೇಲಿನ ಗೇಟುಗಳನ್ನು ದಾಟುವ ಕಯಾಕ್ ಸ್ಲಾಲಂ ಸ್ಪರ್ಧೆಯ ಪಟುಗಳು, ಅಮ್ಮನೇ ಕೋಚ್. ಸಿಡ್ನಿ ಒಲಿಂಪಿಕ್ಸ್‌ಗಾಗಿ ಪೆನ್‌ರಿತ್‌ನಲ್ಲಿ ಕಟ್ಟಿದ ಕೃತಕ ಹೊಳೆ ಅವರ ಅಭ್ಯಾಸದ ಅಂಗಳ. 2010ರ ಯೂತ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಆಕೆ ಶಾಲಾ ಬಾಲಕಿ. 2011ರಲ್ಲಿ ಶಾಲೆ ಮುಗಿಸಿ, ಮರುವರ್ಷ ಲಂಡನ್‌ನಲ್ಲಿ 18ನೇ ವಯಸ್ಸಿಗೆ ಒಲಿಂಪಿಕ್ ಬೆಳ್ಳಿ ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಎರಡು ಚಿನ್ನ. ಮನೆಯ ಹತ್ತಿರವೇ ವರ್ಷವಿಡೀ ನೀರು ಸಿಕ್ಕಿದ್ದು ಆಕೆಯ ಭಾಗ್ಯ. ಆ ಭಾಗ್ಯ ಇಲ್ಲದವರಿಗೇ ಕ್ಯಾಲೆಂಡರಿನ ಕಸರತ್ತು.

ಪ್ರಯಾಣಕ್ಕೆ ಮುಂಚೆ

ಕಯಾಕನ್ನು ರೈಲು, ವಿಮಾನಗಳಲ್ಲಿ ಸಾಗಿಸುವುದು ತ್ರಾಸ. ಆಮದು ದೋಣಿ ಕೊಳ್ಳಲು ಹೋದರೆ ಲಕ್ಷ ದಾಟುತ್ತದೆ. ಮೊದಲೆರಡು ವರ್ಷ ಹೋದ ಕಡೆಯೇ ಬಾಡಿಗೆಗೆ ತೆಗೆದುಕೊಳ್ಳುವುದು ಜಾಣತನ. ಸ್ವಂತಕ್ಕೆ ಕೊಳ್ಳಬೇಕಾದದ್ದು ಮೈಗೆ ಹೊಂದಬೇಕಾದ ಸಾಮಾನುಗಳನ್ನು: ಹಣೆಯನ್ನೂ ಮುಚ್ಚುವ ಹೆಲ್ಮೆಟ್, ಹೆಗಲ ಪಟ್ಟಿ ಹಿಡಿದು ಎತ್ತಿದರೆ ಕಿವಿಯವರೆಗೆ ಜಾರದ ಲೈಫ್ ಜಾಕೆಟ್, ಹಿಮ್ಮಡಿ ಮುಚ್ಚುವ ಶೂ, ಮೂಗಿನ ಕ್ಲಿಪ್, ಸೀಟಿ. ಹತ್ತಿ ಬಟ್ಟೆ ನೆನೆದರೆ ಮೈ ಕೊರೆಯುತ್ತದೆ, ಬೇಗ ಒಣಗುವ ಸಿಂಥೆಟಿಕ್ ಇರಲಿ. ಪುಸ್ತಕ, ಫೋನು, ಔಷಧಿಗೆ ನೀರು ಹೊಗದ ಡ್ರೈ ಬ್ಯಾಗ್ ಬೇಕು.

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದ 15ರಿಂದ 18 ವರ್ಷದವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪ್ರಮಾಣಪತ್ರ ನಡೆಯುತ್ತದೆ. ತಂದೆತಾಯಿ ಜೊತೆಗಿಲ್ಲದಿದ್ದರೆ ಒಪ್ಪಿಗೆ ಪತ್ರವೂ ಚೀಲದಲ್ಲಿರಲಿ. ವಿಮೆ ಮಾಡಿಸುವಾಗ ಸಾಹಸ ಕ್ರೀಡೆ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂದು ಓದಿ ನೋಡಬೇಕು. ಎಷ್ಟೋ ಪಾಲಿಸಿಗಳು ಅದನ್ನು ಹೊರಗಿಟ್ಟಿರುತ್ತವೆ.

ಮೈಯ ಕಾಳಜಿಯೂ ಮುಖ್ಯ. ಈ ಆಟದಲ್ಲಿ ಕೀಲು ತಪ್ಪುವುದು ಹೆಚ್ಚಾಗಿ ಭುಜದ್ದು. ಮೊಣಕೈಗಳನ್ನು ಮೈಗೆ ಹತ್ತಿರ, ಕೈಗಳನ್ನು ಭುಜಕ್ಕಿಂತ ಕೆಳಗೆ ಇಟ್ಟುಕೊಂಡರೆ ಅಪಾಯ ಬಹಳ ಕಡಿಮೆ. ತಣ್ಣೀರಿನಲ್ಲಿ ವರ್ಷಗಟ್ಟಲೆ ಆಡಿದವರ ಕಿವಿಯ ಒಳದಾರಿಯಲ್ಲಿ ಮೂಳೆ ಬೆಳೆಯುವುದುಂಟು, ಇಯರ್ ಪ್ಲಗ್ ಅಭ್ಯಾಸ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಕರಾವಳಿ, ಮಲೆನಾಡು, ಕೇರಳದ ನೀರಿನಲ್ಲಿ ಇಲಿ ಜ್ವರದ ಸೋಂಕು ಇರಬಹುದು. ಕೈಕಾಲಿನ ಗಾಯವನ್ನು ನೀರು ತಾಗದಂತೆ ಮುಚ್ಚಿ, ಪ್ರವಾಸದ ನಂತರ ಜ್ವರ, ಮೈಕೈ ನೋವು ಬಂದರೆ ಹೊಳೆಗೆ ಇಳಿದಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಹೆತ್ತವರು ಕೇಳಬೇಕಾದ ಪ್ರಶ್ನೆಗಳು

ದುಡ್ಡು ಕಟ್ಟುವ ಮುಂಚೆ ತರಬೇತಿ ನೀಡುವವರಲ್ಲಿ ಇವನ್ನು ಕೇಳಿ:

- ಒಬ್ಬ ತರಬೇತುದಾರರಿಗೆ ಎಷ್ಟು ಮಕ್ಕಳು? ಹರಿಯುವ ನೀರಿನಲ್ಲಿ ಮೂರು-ನಾಲ್ಕಕ್ಕಿಂತ ಹೆಚ್ಚಿದ್ದರೆ ಬೇಡ.
- ಅವರಿಗೆ ಹೊಳೆಯ ರಕ್ಷಣಾ ಕಾರ್ಯ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯೇ?
- ವೆಟ್ ಎಕ್ಸಿಟ್ ಯಾವ ದಿನ, ಎಲ್ಲಿ ಕಲಿಸುತ್ತೀರಿ? ಉತ್ತರ ‘ಮೊದಲ ದಿನ, ನಿಂತ ನೀರಿನಲ್ಲಿ’ ಎಂದಿರಬೇಕು.
- ಪ್ರತಿ ತರಬೇತುದಾರರ ಬಳಿಯೂ ಎಸೆಯುವ ಹಗ್ಗದ ಚೀಲ ಇರುತ್ತದೆಯೇ?
- ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತು?
- ಯಾವ ನೀರಿನ ಮಟ್ಟದಲ್ಲಿ ನೀವು ಇಳಿಯುವುದನ್ನು ನಿಲ್ಲಿಸುತ್ತೀರಿ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ‘ನಾವು ಯಾವತ್ತೂ ನಿಲ್ಲಿಸಿಲ್ಲ’ ಎಂದು ಹೆಮ್ಮೆಪಡುವವರ ಕೈಗೆ ಮಕ್ಕಳನ್ನು ಒಪ್ಪಿಸಬೇಡಿ. ಮಗಳೋ ಮಗನೋ ರ್‍ಯಾಪಿಡ್ ನೋಡಿ ‘ಇವತ್ತು ಬೇಡ’ ಎಂದು ದೋಣಿ ಹೊತ್ತು ದಡದಲ್ಲಿ ನಡೆದು ಬಂದರೆ ಹೇಡಿತನ ಎನ್ನದೆ ಶಹಬ್ಬಾಸ್ ಎನ್ನಿ.

ಮುಂದೆ ಏನು?

ಸ್ಪರ್ಧೆಯ ಹಾದಿ ಸ್ಲಾಲಂ. ಸೆಳವಿನ ಮೇಲೆ ತೂಗುಬಿಟ್ಟ 18ರಿಂದ 25 ಗೇಟುಗಳನ್ನು ದಾಟಬೇಕು. ಹಸಿರು ಗೇಟು ಕೆಳಮುಖವಾಗಿ, ಕೆಂಪು ಗೇಟು ಮೇಲ್ಮುಖವಾಗಿ. ಕಂಬ ತಾಗಿದರೆ 2 ಸೆಕೆಂಡ್, ಗೇಟು ತಪ್ಪಿದರೆ 50 ಸೆಕೆಂಡ್ ದಂಡ. 1972ರಲ್ಲಿ ಒಮ್ಮೆ ಒಲಿಂಪಿಕ್ಸ್‌ಗೆ ಬಂದು, 1992ರಿಂದ ಅಲ್ಲೇ ನೆಲೆಯೂರಿದ ಸ್ಪರ್ಧೆ ಇದು. ನಾಲ್ವರು ಒಟ್ಟಿಗೆ ಧುಮುಕುವ ಕಯಾಕ್ ಕ್ರಾಸ್ 2024ರಲ್ಲಿ ಸೇರ್ಪಡೆಯಾಯಿತು. ನಮ್ಮ ದೇಶದಲ್ಲಿ ನರ್ಮದೆಯ ದಂಡೆಯ ಮಹೇಶ್ವರ ಬಳಿಯ ಸಹಸ್ರಧಾರಾ ಸ್ಲಾಲಂನ ಮುಖ್ಯ ಅಂಗಳ. 2023ರಲ್ಲಿ ಮಧ್ಯಪ್ರದೇಶದಲ್ಲಿ ನಡೆದ ಖೇಲೋ ಇಂಡಿಯಾ ಯೂತ್ ಗೇಮ್ಸ್‌ನ ಸ್ಲಾಲಂ ಸ್ಪರ್ಧೆಗಳು ಅಲ್ಲೇ ಜರುಗಿದವು. ಸ್ಪರ್ಧೆ ಬೇಡವೆನ್ನುವವರಿಗೆ ರಿವರ್ ಗೈಡ್, ತರಬೇತುದಾರ, ನೆರೆ ರಕ್ಷಣಾ ಕಾರ್ಯಗಳ ದಾರಿ ತೆರೆದಿದೆ.

ಮೊದಲ ವರ್ಷದ ಪಟ್ಟಿ

ಜೂನ್-ಜುಲೈ: ಈಜು ಗಟ್ಟಿಮಾಡಿಕೊಳ್ಳುವುದು. ಒಂದು ವಾರಾಂತ್ಯ ಮಳೆಗಾಲದ ಹೊಳೆಯನ್ನು ದಡದಿಂದ ಇಲ್ಲವೇ ರಾಫ್ಟಿನಿಂದ ನೋಡುವುದು.

ಆಗಸ್ಟ್-ಸೆಪ್ಟೆಂಬರ್: ಕೊಳದಲ್ಲಿ ವೆಟ್ ಎಕ್ಸಿಟ್, ರೋಲ್.

ಅಕ್ಟೋಬರ್: ದಸರಾ ರಜೆಯಲ್ಲಿ ಗಂಗೆ ಅಥವಾ ಸೇತಿಯಲ್ಲಿ ಮೊದಲ ತರಬೇತಿ.

ನವೆಂಬರ್-ಜನವರಿ: ವಾರಾಂತ್ಯಗಳಲ್ಲಿ ನಿಂತ ನೀರಿನ ಅಭ್ಯಾಸ. ಸಾಗರ ತಾಲ್ಲೂಕಿನ ಹೊನ್ನೆಮರಡುವಿನ ಶರಾವತಿ ಹಿನ್ನೀರಿನಂಥ ಜಾಗ ಇದಕ್ಕೆ ಸೊಗಸು.

ಫೆಬ್ರವರಿ-ಮಾರ್ಚ್: ದೋಣಿ ಮೂಲೆಗೆ, ಪುಸ್ತಕ ಮುಂದಕ್ಕೆ. ಪರೀಕ್ಷೆಯ ತಿಂಗಳಲ್ಲಿ ಹೊಳೆಯ ಮಾತೇ ಬೇಡ.

ಏಪ್ರಿಲ್-ಮೇ: ಕಾಳಿಯಲ್ಲಿ ಅಭ್ಯಾಸ, ಏಪ್ರಿಲ್ ಮುಗಿಯುವುದರೊಳಗೆ ಗಂಗೆಯಲ್ಲಿ ಎರಡನೇ ತರಬೇತಿ.

ಎರಡನೇ ಜೂನ್ ಬಂದಾಗ ಕೈಯಲ್ಲಿ ರೋಲ್ ಇರುತ್ತದೆ, ಅಂಕಪಟ್ಟಿಯೂ ಇರುತ್ತದೆ. ಬರಪೊಳೆಗೆ ಇಳಿಯುವ ಮಾತನ್ನು ಆಗ, ತರಬೇತುದಾರರನ್ನೂ ಕೂರಿಸಿಕೊಂಡು, ಮನೆಯಲ್ಲಿ ಎತ್ತಬಹುದು.